ದ್ಯಾಮವ್ವನ ಪಾಲಾದ ನಮ್ಮ ಮೂರು ಕೋಳಿ

ಬಣ್ಣದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇಳಕಲ್ಲಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದ ಕಾಲ ಅದು. ಸೀರೆಯ ಸೆರಗಿಗೆ ಬೇಕಾದ ರೇಷ್ಮೆಗೆ ಕೆಂಪು ಬಣ್ಣ ಹಾಕಿಕೊಡುವುದು ನಮ್ಮ ಮನೆತನದ ಕಸುಬು. ಅಜ್ಜ ಹಾಕಿದ, ಅಪ್ಪ ಹಾಕಿದ, ನಾನೂ ಹಾಕುತ್ತಿದ್ದೆ. "ಪರಸಪ್ಪನ ಬಣ್ಣ ಪಕ್ಕಾ ಬಣ್ಣ, ಸೀರೆ ಹರಿದರೂ ಬಣ್ಣ ಬಿಡುವುದಿಲ್ಲ" ಎಂಬ ಮಾತು ಊರಲ್ಲಿ ಓಡಾಡುತ್ತಿತ್ತು. ಅದನ್ನು ಓಡಾಡಿಸುತ್ತಿದ್ದವನು ನಾನೇ. ಬೇರೆಯವರು ಹೊಗಳಲಿ ಎಂದು ಕಾಯುತ್ತ ಕೂತರೆ ಆಯುಷ್ಯ ಸಾಲುವುದಿಲ್ಲ ನೋಡಿ!

ಇಂಥ ನಾನು ಮೂರು ಕೋಳಿಗಳ ಮುಂದೆ ಸೋತ ವೃತ್ತಾಂತವನ್ನು ಯಾವ ಮುಚ್ಚುಮರೆಯೂ ಇಲ್ಲದೆ ಇಲ್ಲಿ ಸಾದರಪಡಿಸುತ್ತಿದ್ದೇನೆ.

ಕೋಳಿಗಳು ನಮ್ಮ ಮನೆಗೆ ಬಂದದ್ದು ಮಗಳು ಶಾರದಾಳ ಸಲುವಾಗಿ. ಅವಳನ್ನು ಬಾಗಲಕೋಟೆಗೆ ಕೊಟ್ಟಿದ್ದೆವು. ಆಗ ಅಲ್ಲಿ ಅಣೆಕಟ್ಟಿನ ಹಿನ್ನೀರು ಏರುತ್ತಿತ್ತು, ಹಳೇ ಊರಿನ ಮಂದಿ ಮನೆ ಬಿಟ್ಟು ನವನಗರಕ್ಕೆ ಹೋಗುತ್ತಿದ್ದರು. ಅಳಿಯನ ಮನೆಯ ಕಪಾಟು ಅಲ್ಲಿ, ಅದರ ಕೀಲಿ ಇಲ್ಲಿ ಎಂಬಂತಾಗಿತ್ತು. ಆ ಗದ್ದಲದಲ್ಲಿ ಬಸುರಿ ಹೆಣ್ಣುಮಗಳು ಬೇಡ ಎಂದು ಕುಬಸ, ಅಂದರೆ ಸೀಮಂತದ ಕಾರ್ಯ ಮುಗಿದ ಕೂಡಲೇ ಶಾರದಾಳನ್ನು ಕರೆತಂದೆವು. ಹಿಂದಿನ ವರ್ಷ ಅವಳಿಗೆ ಒಂದು ಸಲ ಬಸಿರು ನಿಂತಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಆದರೆ ಯಾರೂ ಮರೆತಿರಲಿಲ್ಲ. ದವಾಖಾನೆಯ ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, "ರಕ್ತ ಭಾಳ ಕಮ್ಮಿ ಐತಿ. ದಿನಾ ಒಂದು ತತ್ತಿ ತಪ್ಪಸಬ್ಯಾಡ್ರಿ" ಎಂದರು.

ಅಂಗಡಿಯ ಬಿಳಿ ಫಾರಂ ತತ್ತಿಯ ವಾಸನೆಗೇ ಶಾರದಾಗೆ ಓಕರಿಕೆ ಬರುತ್ತಿತ್ತು. ಹೀಗಾಗಿ ನನ್ನ ಹೆಂಡತಿ ಗಂಗವ್ವ ಮೂರು ಜವಾರಿ ಕೋಳಿ ತಂದು ಹಿತ್ತಲಲ್ಲಿ ಬಿಟ್ಟಳು. ಅವು ಇಟ್ಟ ತತ್ತಿ ಮಾತ್ರ ಮಗಳ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಬೆಳಿಗ್ಗೆ ಅವಳು ತತ್ತಿ ತಿಂದು ಮುಗಿಸುವ ತನಕ ಗಂಗವ್ವ ಎದುರಿಗೇ ಕೂತಿರುತ್ತಿದ್ದಳು. ಆಮೇಲೆಯೇ ನನಗೆ ಚಹಾ.

ಆದರೆ ಕೋಳಿಗೆ ನಮ್ಮ ಮನೆಯ ಕಷ್ಟ ಏನು ಗೊತ್ತು? ಬುಟ್ಟಿ ಎತ್ತಿದ ಕೂಡಲೇ ಮೂರೂ ಗೋಡೆ ಹಾರಿ ಹಿಂದಿನ ಮನೆ ರುಕ್ಮವ್ವನ ಹಿತ್ತಲಿಗೆ ಹೋಗಿಬಿಡುತ್ತಿದ್ದವು. ಅಲ್ಲಿ ಕುಳ್ಳಿನ, ಅಂದರೆ ಬೆರಣಿಯ, ರಾಶಿ ಇತ್ತು, ಬೆಚ್ಚಗಿತ್ತು. ತತ್ತಿ ಅಲ್ಲಿಯೇ ಇಡುತ್ತಿದ್ದವು. ರುಕ್ಮವ್ವನಿಗೂ ಕೋಳಿಗಳಿದ್ದವು, ಅವೂ ಕಂದುಗೆಂಪು.

"ರುಕ್ಮವ್ವ, ಆ ಕುಳ್ಳಿನ ಸಂದ್ಯಾಗ ಇರೂ ತತ್ತಿ ನಮ್ಮ ಕೋಳಿದವಾ."

"ತತ್ತಿ ಮ್ಯಾಲೆ ನಿನ್ನ ಹೆಸರ ಬರದೈತೇನ್ ಗಂಗಕ್ಕ?"

"ಈಗರ ನಮ್ಮ ಕೋಳಿ ಅಲ್ಲಿಂದ ಎದ್ದು ಬಂತಲ್ಲ, ನಾ ಕಣ್ಣಾರೆ ನೋಡೇನಿ!"

"ಅದು ನಿಮ್ಮದಲ್ಲ, ನಮ್ಮದು. ಬೇಕಾರ ಅದನ್ನ ಕೇಳು!"

ಕೋಳಿಯನ್ನು ಕೇಳಿದೆವು. ಅದು ಉತ್ತರ ಕೊಡಲಿಲ್ಲ. ಅವತ್ತು ಶಾರದಾಗೆ ತತ್ತಿ ಸಿಗಲಿಲ್ಲ. ಗಂಗವ್ವ ಒಲೆಯ ಮುಂದೆ ಸುಮ್ಮನೆ ಕೂತಿದ್ದನ್ನು ನೋಡಿ ನನ್ನೊಳಗಿನ ಗಂಡಸು ಎದ್ದು ನಿಂತ. ಅವನು ಯಾವಾಗ ಎದ್ದರೂ ಮನೆಗೆ ನಷ್ಟವೇ.

"ನಾಳೆಯಿಂದ ಈ ಜಗಳಾನ ಇರೂದಿಲ್ಲ ನೋಡ. ಕೋಳಿಗೆ ಗುರ್ತು ಹಾಕಿಬಿಡ್ತೇನಿ" ಎಂದು ಘೋಷಿಸಿದೆ.

"ಕಾಲಿಗೆ ಒಂದೊಂದು ಅರಬಿ ಚೂರು ಕಟ್ರಿ, ಸಾಕು. ಎಲ್ಲಾರೂ ಹಂಗ ಮಾಡ್ತಾರ" ಎಂದಳು ಗಂಗವ್ವ.

ಎಲ್ಲರೂ ಮಾಡುವುದನ್ನು ಮಾಡುವುದಕ್ಕೆ ಪರಸಪ್ಪ ಯಾಕೆ ಬೇಕು? ಬಟ್ಟೆ ಚೂರು ಬಿಚ್ಚಿ ಹೋಗುತ್ತದೆ. ರುಕ್ಮವ್ವ ಮನಸ್ಸು ಮಾಡಿದರೆ ಬಿಚ್ಚಿಯೂ ಬಿಡುತ್ತಾಳೆ. ಆದರೆ ನನ್ನ ಬಣ್ಣವನ್ನು ಬಿಚ್ಚುವವರು ಯಾರು? ಸೋಮವಾರ ನಮಗೆ ಕೆಲಸ ಕೊಡುವ ಸಾಹುಕಾರರ ಮದುವೆ ಸೀರೆಗಳಿಗೆಂದು ರೇಷ್ಮೆ ನೂಲಿನ ಲಡಿ ಅದ್ದಿ ತೆಗೆದ ಮೇಲೆ ಹಂಡೆಯಲ್ಲಿ ಬಣ್ಣ ಉಳಿದಿತ್ತು. ಅದನ್ನು ಚೆಲ್ಲುವುದು ಮಹಾಪಾಪ ಎಂದು ನನ್ನ ಆತ್ಮ ನುಡಿಯಿತು.

ರೇಷ್ಮೆಗೆ ಬಣ್ಣ ಹಿಡಿಯಬೇಕಾದರೆ ಕುದಿಸಬೇಕು. ಕೋಳಿಯನ್ನು ಕುದಿಸಿದರೆ ಅದಕ್ಕೆ ಸಾರು ಅನ್ನುತ್ತಾರೆ! ಆದ್ದರಿಂದ ಬಣ್ಣದ ನೀರನ್ನು ಉಗುರುಬೆಚ್ಚಗೆ ಮಾಡಿ, ಒಂದೊಂದೇ ಕೋಳಿಯನ್ನು ಕುತ್ತಿಗೆಯ ತನಕ ಅದ್ದಿದೆ. ಲಡಿ ಅದ್ದುವಾಗ ಅದು ಸುಮ್ಮನಿರುತ್ತದೆ. ಕೋಳಿ ಸುಮ್ಮನಿರಲಿಲ್ಲ. ಮೂರನೆಯದು ಮುಗಿಯುವ ಹೊತ್ತಿಗೆ ನನ್ನ ಧೋತರ, ಬಚ್ಚಲು, ತುಳಸಿಕಟ್ಟೆ, ಸುಣ್ಣ ಬಳಿದ ಗೋಡೆ ಎಲ್ಲಕ್ಕೂ ಮದುವೆಯ ಕಳೆ ಬಂದಿತ್ತು. ಶಾರದಾ ಕಟ್ಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, "ಸಾಕಪಾ, ಇನ್ನ ನಗಸಬ್ಯಾಡ, ಇಲ್ಲೇ ಹಡದೇನು!" ಎಂದು ನಗುತ್ತಿದ್ದಳು. ಗಂಗವ್ವ ಮಾತ್ರ ನಗಲಿಲ್ಲ.

ಬಿಸಿಲಿಗೆ ಒಣಗಿದ ಮೇಲೆ ನೋಡಬೇಕಿತ್ತು! ಸೆರಗಿನ ಅಚ್ಚ ಕೆಂಪು. ಬಿಸಿಲು ಬಿದ್ದರೆ ಕಣ್ಣು ಕುಕ್ಕುವಂತಿತ್ತು. ಇವನ್ನು ತನ್ನವು ಅನ್ನುವ ಧೈರ್ಯ ರುಕ್ಮವ್ವನ ಏಳು ತಲೆಮಾರಿಗೂ ಬರುವುದಿಲ್ಲ ಎಂದುಕೊಂಡು ಮೂರನ್ನೂ ಬಿಟ್ಟೆ.

ಕೋಳಿಗೆ ಕೆಂಪು ಕಂಡರೆ ಕುಕ್ಕುವ ಚಟ ಉಂಟೆಂಬುದನ್ನು ನಾನು ಆ ಮಧ್ಯಾಹ್ನ ಕಲಿತೆ. ಮೊದಲು ಆ ಮೂರೂ ಒಂದನ್ನೊಂದು ನೋಡಿ ಬೆಚ್ಚಿಬಿದ್ದವು. ಪ್ರತಿಯೊಂದಕ್ಕೂ ತಾನು ಸರಿಯಾಗಿಯೇ ಇದ್ದೇನೆ, ಉಳಿದೆರಡು ಯಾರೋ ಹೊರಗಿನವು ಎನಿಸಿರಬೇಕು. ಒಂದು ಕುಕ್ಕಿತು. ಇನ್ನೊಂದು ತಿರುಗಿ ಕುಕ್ಕಿತು. ಸದ್ದು ಕೇಳಿ ರುಕ್ಮವ್ವನ ಹುಂಜ ಗೋಡೆಯ ಮೇಲೆ ಬಂದು ನಿಂತು, ಕತ್ತು ಉಬ್ಬಿಸಿ, ಕೆಳಗಿನ ಕೆಂಪು ಪರಿವಾರವನ್ನು ಒಂದು ಸಲ ಪರಿಶೀಲಿಸಿ, ಧುಮುಕಿತು. ಅದರ ಹಿಂದೆ ಅದರ ಸಂಸಾರವೆಲ್ಲ ಬಂತು. ನಾನು ಲಡಿ ಎತ್ತುವ ಕೋಲು ಹಿಡಿದು ನಡುವೆ ಹೋದೆ. ನನ್ನ ಧೋತರವೂ ಕೆಂಪಾಗಿತ್ತೆಂಬುದು ಆಗ ನೆನಪಿರಲಿಲ್ಲ. ಹುಂಜಕ್ಕೆ ಇತ್ತು!

ನಾನು ಮೊಣಕಾಲು ಹಿಡಿದುಕೊಂಡು ಕಟ್ಟೆ ಏರುವಷ್ಟರಲ್ಲಿ ನಮ್ಮ ಮೂರೂ ಕೋಳಿ ಮಾಳಿಗೆ ಹತ್ತಿ, ಆ ಕಡೆ ಇಳಿದು, ಕಣ್ಮರೆಯಾಗಿದ್ದವು. "ಹೊತ್ತು ಮುಳುಗಿದರೆ ಕೋಳಿ ಮನೆಗೆ ಬರಲೇಬೇಕು, ಇದು ಪ್ರಕೃತಿ ನಿಯಮ" ಎಂದು ಹೆಂಡತಿಗೆ ತಿಳಿಹೇಳಿದೆ. ಹೊತ್ತು ಮುಳುಗಿತು. ನಿಯಮ ಬರಲಿಲ್ಲ.

ಮರುದಿನ ಮಂಗಳವಾರ. ಶಾರದಾಳ ತಾಟಿನಲ್ಲಿ ತತ್ತಿ ಇರಲಿಲ್ಲ. "ಇರ್ಲಿ ಬಿಡವ್ವ, ಒಂದ ದಿನ" ಎಂದಳು ಅವಳು. ಗಂಗವ್ವ ಮುಖ ತಿರುಗಿಸಿ ಅಡುಗೆಮನೆಗೆ ಹೋದಳು. ನಾನು ಚಹಾ ಕೇಳದೆ ಹೊರಬಿದ್ದೆ.

"ಕೆಂಪ ಕೋಳಿ ನೋಡೀರೇನ್ರಿ?" ಎಂದು ಓಣಿಯಲ್ಲಿ ಮನೆ ಮನೆ ಕೇಳಿದೆ.

"ಎಷ್ಟ ಕೆಂಪು?"

"ಸೆರಗಿನಷ್ಟ ಕೆಂಪು."

ಕೇಳಿದವರು ನನ್ನ ಮುಖ ನೋಡಿ, "ಊಟಾ ಆಗೇತೇನ್ ಪರಸಪ್ಪ?" ಎಂದು ಕರುಣೆಯಿಂದ ವಿಚಾರಿಸಿದರು. ಕೊನೆಗೆ ಓಣಿಯ ತುದಿಯ ಮನೆ ಮುಂದೆ ಬಂದಾಗ ಒಳಗಿಂದ ಮಸಾಲೆಯ ವಾಸನೆ ಗಮ್ಮಂತ ಮೂಗಿಗೆ ಬಡಿಯಿತು. ಹಸಿವು, ದುಃಖ, ಅನುಮಾನ ಮೂರೂ ಒಟ್ಟಿಗೆ ತಲೆಗೇರಿದವು. ಅದು ಯಾರ ಮನೆ ಎಂದು ಯೋಚಿಸುವಷ್ಟು ಜಾಗ ತಲೆಯಲ್ಲಿ ಉಳಿಯಲಿಲ್ಲ.

ಅದು ಸಂಗಪ್ಪ ಮಾಸ್ತರರ ಮನೆ. ನಿವೃತ್ತ ಶಿಕ್ಷಕರು, ಕೊರಳಲ್ಲಿ ಲಿಂಗ, ಪ್ರತಿ ಹುಣ್ಣಿಮೆಗೆ ಕೂಡಲಸಂಗಮ. ಪಕ್ಕದ ಮನೆಯಲ್ಲಿ ತತ್ತಿ ಒಡೆದ ಸದ್ದು ಕೇಳಿದರೂ ಕಿಟಕಿ ಮುಚ್ಚುವ ಮನುಷ್ಯ!

"ಮಾಸ್ತರ, ಒಲಿ ಮ್ಯಾಲೆ ಏನೈತ್ರಿ?"

"ಬದನಿಕಾಯಿ ಎಣಗಾಯಿ. ಯಾಕಪಾ?"

"ಖರೆ ಹೇಳ್ರಿ."

ಮಾಸ್ತರರು ಚಷ್ಮಾ ತೆಗೆದರು. "ಪರಸಪ್ಪ, ನೀ ಯಾರಿಗೆ ಏನ್ ಕೇಳಾಕತ್ತೀದಿ ಅನ್ನೂದರ ಗೊತ್ತೈತೇನು?"

"ಹಂಗಲ್ರಿ, ಒಂದ್ಸಲ ಮುಚ್ಚಳಾ ತಗದು ತೋರಿಸಿಬಿಡ್ರಿ, ಮುಗೀತು!"

ಅವರು ಒಳಗೆ ಹೋಗಿ, ಬೋಗುಣಿಯನ್ನೇ ಕಟ್ಟೆಯ ಮೇಲೆ ತಂದಿಟ್ಟು, ಮುಚ್ಚಳ ತೆಗೆದರು. ನಾನು ಇಣುಕಿದೆ. ಬದನೆಕಾಯಿಗಳು ಎಣ್ಣೆಯಲ್ಲಿ ತೇಲುತ್ತ ನನ್ನನ್ನೇ ನೋಡುತ್ತಿದ್ದವು.

"ಸರಿಯಾಗಿ ನೋಡ್ಕೋ. ನಿಂದೇನರ ಇದ್ರ ತಗೊಂಡ ಹೋಗು" ಎಂದರು ಮಾಸ್ತರರು. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ನಮ್ಮ ಊರಿನದು ಗಟ್ಟಿ ಕಲ್ಲಿನ ಭೂಮಿ, ಬಿಡಲಿಲ್ಲ.

ಅಷ್ಟರಲ್ಲಿ ಆರತಿ ತಟ್ಟೆ ಹಿಡಿದ ಇಬ್ಬರು ಹೆಣ್ಣುಮಕ್ಕಳು ಓಣಿಯಲ್ಲಿ ಅವಸರದಿಂದ ಬಂದರು. "ಮಾಸ್ತರ, ದ್ಯಾಮವ್ವನ ಗುಡಿಗೆ ಬರ್ರಿ! ದೇವಿ ಕೋಳಿ ಬಂದಾವಂತ! ಮೂರು! ಬೆಂಕಿಯಂಗ ಕೆಂಪು!"

ನಾನು ಓಡಿದೆ.

ಬೇವಿನ ಗಿಡದ ಕೆಳಗೆ ಜಾತ್ರೆಯಷ್ಟು ಮಂದಿ ನೆರೆದಿತ್ತು. ನಡುವೆ ನಮ್ಮ ಮೂರು ಕೋಳಿಗಳು ಹೊಸ ಚಾಪೆಯ ಮೇಲೆ ನಿಂತಿದ್ದವು. ನೆತ್ತಿಗೆ ಅರಿಷಿಣ ಕುಂಕುಮ, ಮುಂದೆ ಒಡೆದ ಕಾಯಿ, ಸುತ್ತ ಜೋಳ. ಮನೆಯಲ್ಲಿ ನುಚ್ಚು ಹಾಕಿದರೆ ಮೂಗು ಮುರಿಯುತ್ತಿದ್ದಂಥವು, ಈಗ ಕೊಬ್ಬರಿ ಹೋಳು ಮುಕ್ಕುತ್ತಿದ್ದವು.

"ಇವು ನಮ್ಮ ಕೋಳಿ!" ಎಂದು ಕೂಗಿ ಕೈ ಚಾಚಿದೆ. ಗುಡಿಯ ಪೂಜಾರಿ ಹನಮವ್ವ ಆಯಿ ನನ್ನ ಕೈ ಮೇಲೆ ಪಟ್ಟನೆ ಹೊಡೆದಳು.

"ಮುಟ್ಟಬ್ಯಾಡಲೇ ಪರಸ್ಯಾ! ಬಣ್ಣಾ ಹಚ್ಚಿ ದೇವಿಗೆ ಬಿಟ್ಟ ಜೀವ ಅವು!"

ಹೌದು. ನಮ್ಮ ಕಡೆ ದೇವಿಗೆ ಒಂದು ಪ್ರಾಣಿಯನ್ನು ಬಿಟ್ಟರೆ ಅದಕ್ಕೆ ಬಣ್ಣ ಬಳಿದು ಊರ ಮೇಲೆ ಬಿಡುತ್ತಾರೆ. ಅದನ್ನು ಯಾರೂ ಕಟ್ಟುವುದಿಲ್ಲ, ತಿನ್ನುವುದಿಲ್ಲ, ತನ್ನದು ಅನ್ನುವುದಿಲ್ಲ. ಅಂದವನ ಮನೆ ಉದ್ಧಾರ ಆಗುವುದಿಲ್ಲ. ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಕೋಳಿ ಅದ್ದುವ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ! ಕೋಳಿ ನನ್ನವು ಎಂದು ಊರಿಗೆಲ್ಲ ಸಾರುವುದಕ್ಕೆ ಹಾಕಿದ ಗುರುತು, ಅವು ನನ್ನವಲ್ಲ ಎಂದು ಊರಿಗೆಲ್ಲ ಸಾರಿತ್ತು.

"ಆಯಿ, ಆ ಬಣ್ಣಾ ಹಚ್ಚಿದಾವ ನಾನು!"

"ಹಂಗಂದ್ರ ದೇವಿಗೆ ಬಿಟ್ಟಾವ ನೀನ. ಭಾಳ ಛಲೋ ಆತು. ಈಗ ತಿರುಗಿ ಕೇಳ್ತೀಯೇನು?"

ಅಷ್ಟರಲ್ಲಿ ಮಾಸ್ತರರೂ ಬಂದರು. ಓಣಿಯಲ್ಲಿ ಯಾವ ತಕರಾರು ಬಿದ್ದರೂ ಅವರ ಮಾತೇ ಕೊನೆ. ಬದನೆಕಾಯಿಯ ಪ್ರಸಂಗ ನಡೆದು ಇನ್ನೂ ಬೋಗುಣಿ ಆರಿರಲಿಲ್ಲ. ಆದರೂ ಮನುಷ್ಯ ನ್ಯಾಯ ಬಿಡಲಿಲ್ಲ. "ಗುಡಿಯಾಗ ಜಗಳ ಬ್ಯಾಡ. ಹಂಡೇದಾಗಿನ ಬಣ್ಣ ಅಂದ್ರ ತೊಳದ್ರ ಬಿಡಬೇಕು. ಎಲ್ಲಾರ ಮುಂದ ತೊಳೀರಿ. ಬಣ್ಣ ಬಿಟ್ರ ಕೋಳಿ ಪರಸಪ್ಪಂದು. ಬಿಡದಿದ್ರ ದ್ಯಾಮವ್ವಂದು. ಒಪ್ಪಿಗಿ ಏನು?"

ಮಂದಿ ಒಪ್ಪಿತು. ಯಾರೋ ಬಕೆಟ್ಟು ತಂದರು, ಯಾರೋ ಸೋಪು ತಂದರು. ಬಗ್ಗಿ ಒಂದು ಕೋಳಿಯನ್ನು ಎತ್ತಿಕೊಂಡು ತಲೆ ಎತ್ತಿದೆ. ಬಲಗಡೆ ಗಂಗವ್ವ ಬಂದು ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಎಡಗಡೆ ನಮ್ಮ ಸಾಹುಕಾರರು ನಿಂತಿದ್ದರು, ಮಂಗಳವಾರದ ಕಾಯಿ ಒಡೆಸಲು ಬಂದವರು. ನನ್ನ ಬಣ್ಣ ನಂಬಿ ವರ್ಷಾನುಗಟ್ಟಲೆ ರೇಷ್ಮೆ ಕೊಟ್ಟವರು.

ಬಣ್ಣ ಬಿಟ್ಟರೆ ಮಗಳಿಗೆ ತತ್ತಿ ಸಿಗುತ್ತದೆ, ನನಗೆ ಕೆಲಸ ಇರುವುದಿಲ್ಲ. ಬಿಡದಿದ್ದರೆ ಹೆಸರು ಉಳಿಯುತ್ತದೆ, ಕೋಳಿ ಹೋಗುತ್ತದೆ. ಅಜ್ಜ, ಅಪ್ಪ ಇಬ್ಬರೂ ನೆನಪಾದರು. ಗಂಗವ್ವನ ಮುಖ ಇನ್ನೊಂದು ಸಲ ನೋಡಿದೆ. ಆಮೇಲೆ ಕಣ್ಣು ಮುಚ್ಚಿಕೊಂಡು, ಈ ತನಕ ಯಾವ ಬಣ್ಣಗಾರನೂ ಬೇಡಿಕೊಳ್ಳದ್ದನ್ನು ಬೇಡಿಕೊಂಡೆ. "ತಾಯಿ ದ್ಯಾಮವ್ವ, ಬಣ್ಣ ಬಿಡಲಿ!"

ಕುದಿಸದ ಬಣ್ಣ, ಬಿಟ್ಟೇ ಬಿಡುತ್ತದೆ ಎಂಬ ಆಸೆಯೂ ಇತ್ತು. ಕೋಳಿಯನ್ನು ನೀರಿಗೆ ಅದ್ದಿದೆ. ಸೋಪು ಹಚ್ಚಿದೆ. ತಿಕ್ಕಿದೆ. ಕೋಳಿ ನನ್ನ ಹೆಬ್ಬೆರಳು ಕುಕ್ಕಿತು, ನಾನು ಕೈ ಬಿಡಲಿಲ್ಲ. ಮತ್ತೆ ತಿಕ್ಕಿದೆ. ಮಾಸ್ತರರು ಬಗ್ಗಿ ಬಕೆಟ್ಟು ನೋಡಿದರು. ನೀರು ಸ್ವಚ್ಛ! ಕುಡಿಯಬಹುದಾಗಿತ್ತು! ಕೋಳಿ ಮೊದಲಿಗಿಂತ ಇನ್ನಷ್ಟು ಮಿರಮಿರ ಮಿಂಚುತ್ತಿತ್ತು.

ಮಂದಿಯೆಲ್ಲ ಜೈಕಾರ ಹಾಕಿತು. ಕೋಳಿ ಹೋಯಿತು, ಹೆಸರಾದರೂ ಉಳಿಯಲಿ ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. "ನೋಡ್ರಿ! ಇದು ನನ್ನ ಬಣ್ಣ! ನನ್ನ ಬಣ್ಣ ಬಿಡೂದಿಲ್ಲಂತ ನಾ ಹೇಳಿದ್ದಿಲ್ಲ?"

ಸಾಹುಕಾರರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಸುಮ್ನಿರೋ ಪರಸಪ್ಪ. ನಿನ್ನ ಬಣ್ಣ ಆಗಿದ್ರ ಇಷ್ಟೊತ್ತಿಗೆ ಬಿಡತಿತ್ತು" ಎಂದು, ಕೋಳಿಗೆ ಕೈ ಮುಗಿದು, ಕಾಯಿ ಒಡೆಸಿಕೊಂಡು ಹೋದರು.

ನನ್ನ ಜೀವಮಾನದ ಅತ್ಯುತ್ತಮ ಬಣ್ಣ ದ್ಯಾಮವ್ವನ ಹೆಸರಿಗೆ ಜಮಾ ಆಯಿತು.

ಮನೆಗೆ ಬಂದ ಮೇಲೆ ಗಂಗವ್ವ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕಂಬಕ್ಕೆ ಒರಗಿ ಕೂತು, "ನಿಮಗ ಬೈಯಾಕ ನನ್ನ ಮೈಯಾಗ ತ್ರಾಣಿಲ್ಲ. ನಾಳೆ ಆಕಿಗೆ ಏನ್ ತಿನ್ನಸ್ಲಿ, ಅಷ್ಟ ಹೇಳ್ರಿ" ಎಂದಳು. ಒಳಗೆ ಶಾರದಾ ಮಲಗಿದ್ದಳು. ಅವಳ ಕೈಯ ಉಗುರುಗಳು ಬೆಳ್ಳಗಿದ್ದವು. ಅದನ್ನು ನೋಡಿ ನನಗೆ ಖರೆಯಾಗಿ ಹೆದರಿಕೆ ಆಯಿತು, ಅಳು ಬಂತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಸುಮ್ಮನೆ ಕೂಡಲಾಗದೆ ಬಸ್ಸು ಹತ್ತಿ ಹುನಗುಂದದ ಸಂತೆಗೆ ಹೋದೆ. ಹುಡುಕಿ ಹುಡುಕಿ, ನಾಲ್ಕು ಮಂದಿಯ ಹತ್ತಿರ ಚೌಕಾಸಿ ಮಾಡಿ, ಒಂದು ಎಳೆಯ ಜವಾರಿ ಕೋಳಿಯನ್ನು ಎದೆಗವಚಿಕೊಂಡು ತಂದೆ. ಗಂಗವ್ವ ಅದರ ರೆಕ್ಕೆ ಎತ್ತಿ ನೋಡಿದಳು, ಬಾಲ ನೋಡಿದಳು, ಕೆಳಗಿಟ್ಟಳು.

"ಇದು ಹುಂಜ" ಎಂದಳು.

ಆಮೇಲೆ ಅವಳೇ ತಲೆ ಮೇಲೆ ಸೆರಗು ಹೊದ್ದು ಗುಡಿಗೆ ನಡೆದಳು. ಕೋಳಿ ಕೇಳಲಿಲ್ಲ, ಜಗಳ ಮಾಡಲಿಲ್ಲ. ಹನಮವ್ವ ಆಯಿಯ ಮುಂದೆ ಕೂತು ಮಗಳ ಸಂಗತಿ ಹೇಳಿದಳಂತೆ. ಹಿಂದಿನ ವರ್ಷದ್ದನ್ನೂ ಹೇಳಿದಳಂತೆ. ಆಯಿ ಕೇಳಿಕೊಂಡು, "ಹುಚ್ಚಿ, ದೇವಿ ಕೋಳಿ ತತ್ತಿ ಬಸುರಿ ಹೆಣ್ಮಗಳಿಗಲ್ಲದ ಮತ್ಯಾರಿಗೆ? ದಿನಾ ಒಂದು ಒಯ್ಯಿ. ಆದರ ನೀ ಬರಬ್ಯಾಡ. ಬಣ್ಣಾ ಹಚ್ಚಿದಾವ ಬರ್ಲಿ. ಮೈ ತೊಳಕೊಂಡು, ಕೋಳಿಗೆ ಜೋಳಾ ತಗೊಂಡು ಬರ್ಲಿ" ಎಂದಳಂತೆ.

ಅಂದಿನಿಂದ ನಾನು ದಿನಾ ನಸುಕಿನಲ್ಲಿ ತಣ್ಣೀರು ಸುರಿದುಕೊಂಡು ಗುಡಿಗೆ ಹೋಗತೊಡಗಿದೆ. ನನ್ನ ಕೋಳಿಗಳಿಗೆ ನನ್ನ ಜೋಳ ಹಾಕಿ, ನಾನೇ ಕೈ ಮುಗಿದು, ಶಲ್ಯದ ಸೆರಗು ಒಡ್ಡಿ, ನನ್ನ ತತ್ತಿಯನ್ನು ಪ್ರಸಾದ ಎಂದು ಪಡೆಯುತ್ತಿದ್ದೆ. ಹಿಂದೆ ಸಾಲಿನಲ್ಲಿ ನಿಂತವರು, "ಪರಸಪ್ಪ ಭಾಳ ಬದಲಾದ ನೋಡ್ರಿ, ಎಷ್ಟು ಭಕ್ತಿ!" ಅನ್ನುತ್ತಿದ್ದರು. ಒಂದು ದಿನ ರುಕ್ಮವ್ವ ಕರೆದು ಕುಳ್ಳಿನ ಸಂದಿಯ ಎರಡು ತತ್ತಿ ತಾನಾಗಿ ಕೊಟ್ಟಳು. "ಶಾರದಾಗ ಅಂದ್ರ ಮೊದಲ ಹೇಳಬಾರದೇನ್ ಅಣ್ಣಾರ? ನಾ ಏನ್ ರಾಕ್ಷಸಿ ಏನು?" ಎಂದಳು. ಹೌದಲ್ಲ! ಗೋಡೆಯ ಈ ಕಡೆಯಿಂದ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಮ್ಮ ಮನೆಯ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಶಾರದಾ ಊರಿನ ದವಾಖಾನೆಯಲ್ಲಿಯೇ ಹಡೆದಳು. ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಗಟ್ಟಿ. ಬಾಗಿಲ ಹೊರಗೆ ನಿಂತ ನಾನು ಕೂಸಿನ ಅಳು ಕೇಳಿದ ಕೂಡಲೇ ಗುಡಿಯ ಕಡೆ ತಿರುಗಿ ಕೈ ಮುಗಿದೆ. ಡಾಕ್ಟರಮ್ಮ ಹೊರಗೆ ಬಂದು, "ರಕ್ತ ಛಲೋ ಏರಿತ್ತು. ಏನ್ ತಿನ್ನಿಸಿದ್ರಿ?" ಎಂದು ಕೇಳಿದರು.

"ದ್ಯಾಮವ್ವನ ಪ್ರಸಾದ್ರಿ" ಎಂದಳು ಗಂಗವ್ವ. ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಗಂಗವ್ವನೂ ನನ್ನ ಕಡೆ ನೋಡಿದಳು. ಮುಚ್ಚಿದೆ.

ಸಂಜೆ ಗಂಗವ್ವ ಕೂಸನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ನನ್ನ ಹತ್ತಿರ ತಂದಳು. ಕೂಸಿಗೆ ಬೆಳಕು ಕಣ್ಣಿಗೆ ಹೊಡೆಯುತ್ತಿದೆಯೋ ಏನೋ, ಕಿಟಕಿಗೆ ಏನಾದರೂ ಕಟ್ಟಿದರೆ ಹೇಗೆ, ತೊಟ್ಟಿಲನ್ನು ಇನ್ನೊಂದು ರೀತಿ ತೂಗುಹಾಕಿದರೆ ಹೇಗೆ ಎಂದು ನನಗೆ ಆಗಲೇ ಒಂದೆರಡು ವಿಚಾರ ಹೊಳೆಯತೊಡಗಿದ್ದವು. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಇತ್ತು. ಕೂಸನ್ನು ನನ್ನ ಎರಡೂ ಕೈಗಳಲ್ಲಿ ಇಟ್ಟಳು.

"ಹಿಡೀರಿ. ಸುಮ್ನ ಹಿಡೀರಿ. ಏನೂ ಮಾಡಬ್ಯಾಡ್ರಿ."

ನಾನು ಏನೂ ಮಾಡಲಿಲ್ಲ. ಸುಮ್ಮನೆ ಹಿಡಿದುಕೊಂಡು ಕೂತೆ.